ಮೇಷ್ಟ್ರನ್ನು ಒದ್ದ ಬೈಕು

ಭೂಗೋಳದ ಮೇಷ್ಟ್ರು ನಿವೃತ್ತರಾಗಿ ಒಂಬತ್ತು ವರ್ಷವಾಗಿತ್ತು. ಅವರಿಗಿಂತ ಎರಡೇ ವರ್ಷ ಚಿಕ್ಕದಾದ ಅವರ ಬೈಕಿಗೆ ಮಾತ್ರ ಇನ್ನೂ ನಿವೃತ್ತಿ ಸಿಕ್ಕಿರಲಿಲ್ಲ. ಕೊನೆಗೆ ಆ ಬೈಕೇ ಅವರ ಕಾಲು ಮುರಿಯಿತು. ಒಂದು ಬೆಳಿಗ್ಗೆ ಕಿಕ್ಕರ್ ತುಳಿದದ್ದೇ ತಡ, ಇಂಜಿನ್ನು ಢಬ್ಬೆಂದು ಹಿಮ್ಮುಖವಾಗಿ ಒದ್ದಿತು. ಕಿಕ್ಕರ್ ಮೇಲಕ್ಕೆ ಚಿಮ್ಮಿ ಪಾದದ ಗಂಟಿಗೆ ಬಡಿಯಿತು. ಆರು ವಾರ ಪ್ಲಾಸ್ಟರ್.

ನೋಡಲು ಬಂದವರಿಗೆಲ್ಲ ಮೇಷ್ಟ್ರು ಒಂದೇ ಕಥೆ ಹೇಳಿದರು. "ಹಿಂದಿನ ದಿನ ನಾನೇ ಇಂಜಿನ್ನಿನ ಕಿಡಿ ಹಾರೋ ಟೈಮಿಂಗ್ ಕೂರಿಸಿದ್ದೆ. ಕೂದಲೆಳೆಯಷ್ಟೂ ಆಚೀಚೆ ಇರ್ಲಿಲ್ಲ. ಬೆಳಿಗ್ಗೆ ಸೊಸೆ ಬೈಕು ಒರೆಸಿದ್ಲು ನೋಡಿ, ಏನೋ ಮುಟ್ಟಿಬಿಟ್ಟಿದಾಳೆ. ಪಾಪ, ಅವಳಿಗೇನು ಗೊತ್ತಾಗುತ್ತೆ!"

ಸೊಸೆಗೆ ಚುಚ್ಚಿದ್ದು ಆ 'ಪಾಪ'. ಅವಳು ಬಟ್ಟೆ ಕಾರ್ಖಾನೆಯಲ್ಲಿ ನೂರಾ ನಲವತ್ತು ಹೊಲಿಗೆ ಮಿಷನ್ನುಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್. ಸೂಜಿ ಇಳಿಯುವ ಗಳಿಗೆಗೂ ಕೆಳಗಿನ ಕೊಕ್ಕೆ ದಾರ ಹಿಡಿಯುವ ಗಳಿಗೆಗೂ ತಾಳೆ ಹಾಕುವುದೇ ಅವಳ ಹೊಟ್ಟೆಪಾಡು. ಆದರೂ ನೋವಿನಲ್ಲಿರುವವರ ಜೊತೆ ಎಂಥ ವಾದ ಎಂದು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಳು. ಮೂರನೇ ವಾರ ಪಕ್ಕದ ಔಷಧಿ ಅಂಗಡಿಯವರು ಮಾತ್ರೆ ಕೊಡಲು ಬಂದಾಗ ಅದೇ ಕಥೆ ಮತ್ತೆ ಅವಳ ಕಿವಿಗೆ ಬಿತ್ತು. ಅವರು ಹೊರಟ ಮೇಲೆ ಮಾವನ ಎದುರಿಗೆ ಬಂದು ನಿಂತಳು.

"ಮಾವ, ಭಾನುವಾರ ನಂಗೆ ರಜೆ. ನೀವು ಹೇಳ್ಕೊಡಿ, ನಾನು ಟೈಮಿಂಗ್ ನೋಡ್ತೀನಿ."

"ನಿನ್ನ ಗಂಡಂಗೇ ಅದು ಬರಲ್ಲ."

"ಅವರಿಗೆ ಗೋಡೆಗೆ ಮೊಳೆ ಹೊಡೆಯೋಕೂ ಬರಲ್ಲ. ಅವರ ಮಾತು ಬಿಡಿ."

ಒಳಗೆ ಅತ್ತೆ ಕಿಸಕ್ಕೆಂದದ್ದು ಕೇಳಿಸಿತು. ಮೇಷ್ಟ್ರು ಮುಖ ಗಂಟಿಕ್ಕಿಕೊಂಡರು. ಆದರೆ ಬೇಡ ಎನ್ನಲಿಲ್ಲ.

ಭಾನುವಾರ ಬೆಳಿಗ್ಗೆ ಅತ್ತೆ ಸೊಸೆ ಸೇರಿ ಬೈಕಿದ್ದ ಹಿತ್ತಲಿನ ಶೆಡ್ಡಿನ ಬಾಗಿಲು ತೆರೆದು, ಮೇಷ್ಟ್ರನ್ನು ಕುರ್ಚಿಯಲ್ಲಿ ಕೂರಿಸಿ, ಪ್ಲಾಸ್ಟರ್ ಕಾಲನ್ನು ಎಣ್ಣೆ ಡಬ್ಬದ ಮೇಲೆ ಇಟ್ಟರು. ಕೈಗೆ ಊರುಗೋಲು ಬಂದೊಡನೆ ಅವರಿಗೆ ಹಳೆಯ ತರಗತಿ ಸಿಕ್ಕಂತಾಯಿತು.

"ಪಿಸ್ಟನ್ ತುದಿ ಮುಟ್ಟೋಕೆ ಇನ್ನೂ ಹನ್ನೊಂದು ಮಿಲಿಮೀಟರ್ ಇರುವಾಗ ಕಿಡಿ ಹಾರ್ಬೇಕು. ತೀರಾ ಬೇಗ ಹಾರಿದ್ರೆ ಮೇಲೆ ಬರ್ತಿರೋ ಪಿಸ್ಟನ್ನನ್ನೇ ವಾಪಸ್ ತಳ್ಳುತ್ತೆ."

"ಆಗ ಕಿಕ್ಕರ್ ಒದೆಯುತ್ತೆ."

"ಹೂಂ. ಹ್ಯಾಂಡಲ್ ಮೇಲೆ ಪುಟ್ಟ ಲಿವರ್ ಇದೆ ನೋಡು. ಎಳೆದ್ರೆ ಕಿಡಿ ಬೇಗ, ಬಿಟ್ರೆ ತಡ. ಓಡಿಸುವಾಗ ಎಳೀಬೇಕು, ಸ್ಟಾರ್ಟ್ ಮಾಡುವಾಗ ಬಿಡ್ಬೇಕು. ಅಳತೆ ತಗೊಳ್ಳೋದು ಎಳೆದಿಟ್ಟುಕೊಂಡು."

ಸೊಸೆ ಲಿವರ್ ಎಳೆದಿಟ್ಟಳು. ಪ್ಲಗ್ ಬಿಚ್ಚಿ ಆ ತೂತಿನಲ್ಲಿ ಸೈಕಲ್ ಕಡ್ಡಿಯೊಂದನ್ನು ಪಿಸ್ಟನ್ನಿನ ನೆತ್ತಿಗೆ ತಾಗುವಂತೆ ಇಳಿಬಿಟ್ಟಳು. ಕಿಡಿ ಹುಟ್ಟಿಸುವ ಮ್ಯಾಗ್ನೆಟೋದ ಮುಚ್ಚಳ ತೆಗೆದಳು. ಒಳಗೆ ಒಂದಕ್ಕೊಂದು ಅಂಟಿಕೊಂಡ ಎರಡು ಪುಟ್ಟ ಪಾಯಿಂಟುಗಳು. ಅವು ಬೇರ್ಪಟ್ಟ ಕ್ಷಣವೇ ಕಿಡಿ. ಅವುಗಳ ನಡುವೆ ತೆಳು ಕಾಗದದ ಚೂರು ಸಿಕ್ಕಿಸಿ ಮೆಲ್ಲಗೆ ಎಳೆದು ಹಿಡಿದಳು. ಚಕ್ರ ತಿರುಗಿದರೆ ಪಿಸ್ಟನ್ನೂ ಏರಲೆಂದು ಬೈಕನ್ನು ಗೇರಿಗೆ ಹಾಕಿದ್ದಳು. ಇನ್ನೊಂದು ಕೈಯಿಂದ ಹಿಂದಿನ ಚಕ್ರವನ್ನು ನೂಲೆಳೆಯಷ್ಟೇ ತಿರುಗಿಸುತ್ತಾ ಹೋದಳು. ಕಡ್ಡಿ ಮೇಲೇರಿತು. ಕಾಗದ ಜಾರಿ ಕೈಗೆ ಬಂತು. ಸೊಸೆ ಕಡ್ಡಿಗೆ ಗುರುತು ಹಾಕಿ, ಪಿಸ್ಟನ್ನನ್ನು ತುದಿಯವರೆಗೂ ಏರಿಸಿ ಅಳೆದಳು.

"ಹನ್ನೊಂದು."

"ನೋಡಿದ್ಯಾ!" ಮೇಷ್ಟ್ರು ಊರುಗೋಲನ್ನು ನೆಲಕ್ಕೆ ಕುಟ್ಟಿದರು. "ನಾನು ಕೂರಿಸಿದ ಹಾಗೇ ಇದೆ. ಒಂದಿಷ್ಟೂ ಕದಲಿಲ್ಲ!"

ಸೊಸೆ ಕೈ ಒರೆಸಿಕೊಂಡಳು. "ಹಾಗಿದ್ರೆ ನಾನು ಏನೂ ಮುಟ್ಟಿಲ್ಲ ಅಂತಾಯ್ತಲ್ಲ, ಮಾವ?"

ಮೇಷ್ಟ್ರು ಕುರ್ಚಿಯಿಂದಲೇ ಬಗ್ಗಿ ಕಡ್ಡಿಯ ಗುರುತನ್ನು ಇನ್ನೊಮ್ಮೆ ನೋಡಿದರು. ಆಮೇಲೆ, "ಮತ್ಯಾಕೆ ಒದೀತು ಅದು?" ಎಂದು ಸಣ್ಣ ದನಿಯಲ್ಲಿ ಕೇಳಿದರು.

ಅವಳಿಗೂ ಅದೇ ಪ್ರಶ್ನೆ. ಲಿವರ್ ಬಿಟ್ಟು ಇನ್ನೊಮ್ಮೆ ಅಳೆದು ನೋಡೋಣವೆಂದು ಚಕ್ರವನ್ನು ಹಿಂದಕ್ಕೆ ತಿರುಗಿಸಿ ಹೊಸ ಕಾಗದ ಸಿಕ್ಕಿಸಿದಳು. ಈಗ ಕಿಡಿ ತಡವಾಗಬೇಕು, ಕಾಗದವೂ ತಡವಾಗಿ ಜಾರಬೇಕು. ಆದರೆ ಕಡ್ಡಿಯ ಗುರುತು ಇನ್ನೂ ಎಷ್ಟೋ ಕೆಳಗಿರುವಾಗಲೇ ಕಾಗದ ಸರಕ್ಕನೆ ಈಚೆ ಬಂತು.

"ಮಾವ, ಲಿವರ್ ಬಿಟ್ರೆ ಕಿಡಿ ಇನ್ನೂ ಬೇಗ ಹಾರ್ತಿದೆ. ಈ ಮ್ಯಾಗ್ನೆಟೋ ಮೊದಲಿಂದ ಇದ್ದದ್ದೇನಾ?"

"ಅದು ಸತ್ತುಹೋಯ್ತು. ಇದು ಗುಜರಿಯಲ್ಲಿ ಸಿಕ್ಕಿದ್ದು, ಬೇರೆ ಗಾಡೀದು. ಅದನ್ನ ಹಾಕಿದ ಮೇಲೇನೇ ಟೈಮಿಂಗ್ ಕೂರಿಸಿದ್ದು..."

"ಇದರದ್ದು ಉಲ್ಟಾ. ಎಳೆದ್ರೆ ತಡ, ಬಿಟ್ರೆ ಬೇಗ. ನೀವು ಸ್ಟಾರ್ಟ್ ಮಾಡೋಕೆ ಬಿಟ್ರಿ, ಅದಕ್ಕೇ ಒದೀತು. ನಮ್ಮ ಕಾರ್ಖಾನೇಲೂ ಹೀಗೇ, ಒಂದು ಮಿಷನ್ ಚಕ್ರ ನಮ್ಮ ಕಡೆಗೆ ತಿರುಗಿದ್ರೆ ಇನ್ನೊಂದರದ್ದು ಆಚೆ ಕಡೆಗೆ. ಹೊಸದರಲ್ಲಿ ನಾನು ಒಂದೇ ದಿನ ಹದಿನಾರು ಸೂಜಿ ಮುರಿದಿದ್ದೆ."

ಆಮೇಲೆ ಇಬ್ಬರಿಗೂ ಜಾಸ್ತಿ ಮಾತು ಬೇಕಾಗಲಿಲ್ಲ. ಲಿವರ್ ಬಿಟ್ಟಿಟ್ಟು, ಪಿಸ್ಟನ್ನನ್ನು ಹನ್ನೊಂದಕ್ಕೆ ತಂದು ನಿಲ್ಲಿಸಿದರು. ಮೇಷ್ಟ್ರು ಬಗ್ಗಿ ಕಡ್ಡಿ ಹಿಡಿದರು. ಸೊಸೆ ಮ್ಯಾಗ್ನೆಟೋದ ಹಲ್ಲುಚಕ್ರ ಸಡಿಲಿಸಿ, ಕಾಗದ ಜಾರುವವರೆಗೂ ಅದರ ದಂಡವನ್ನು ತಿರುಗಿಸಿ ನಟ್ಟು ಬಿಗಿದಳು. ಬಿಗಿಯುವಾಗ ಕದಲಿತೇನೋ ಎಂಬ ಅನುಮಾನಕ್ಕೆ ಎರಡು ಸಲ ಅಳೆದಳು. ಎರಡನೇ ಸಲ ಮೇಷ್ಟ್ರೇ ಸಾಕು ಎಂದರು.

ಪ್ಲಗ್ ಹಾಕಿ, ಗೇರು ತೆಗೆದು, ಲಿವರ್ ಎಳೆದುಕೊಂಡು ಅವಳು ಕಿಕ್ಕರ್ ಮೇಲೆ ಕಾಲಿಟ್ಟಳು.

"ಹುಷಾರಮ್ಮ," ಎಂದರು ಮೇಷ್ಟ್ರು.

ಮೊದಲ ತುಳಿತಕ್ಕೆ ಬರೀ ಉಸ್ಸೆಂದಿತು. ಎರಡನೆಯದಕ್ಕೆ ಹತ್ತಿಕೊಂಡು, ನಿಂತಲ್ಲೇ ಡಗ್ ಡಗ್ ಎಂದು ಹದವಾಗಿ ಉಸಿರಾಡತೊಡಗಿತು. ಸೊಸೆಗೆ ತಾನು ನಗುತ್ತಿರುವುದೇ ತಿಳಿಯಲಿಲ್ಲ.

ಸದ್ದು ಕೇಳಿ ಔಷಧಿ ಅಂಗಡಿಯವರು ಹಿತ್ತಲಿಗೆ ಬಂದರು. "ಏನ್ ಮೇಷ್ಟ್ರೇ, ರಿಪೇರಿ ಆಯ್ತಾ?"

"ಸೊಸೆ ಮಾಡಿದ್ಲು. ನಾನು ಟೈಮಿಂಗ್ ತಲೆಕೆಳಗಾಗಿ ಕೂರಿಸಿದ್ದೆ ಕಣ್ರೀ. ಇವಳು ಏನೂ ಮುಟ್ಟಿರ್ಲಿಲ್ಲ. ಸುಮ್ಮನೆ ಬಾಯಿಗೆ ಬಂದ ಹಾಗೆ ಹೇಳ್ಕೊಂಡು ತಿರುಗಿದೆ."

"ನೀವೆಲ್ಲಿ ತಿರುಗಿದ್ರಿ? ಕೂತಲ್ಲೇ ಹೇಳಿದ್ರಿ," ಎಂದರು ಅತ್ತೆ ಬಾಗಿಲಲ್ಲಿ ನಿಂತು. ಅವರ ಕೈಯಲ್ಲಿ ತರಕಾರಿ ಚೀಲವಿತ್ತು. "ನಡಿಯೇ, ಮಾರ್ಕೆಟ್ಟಿಗೆ ಹೋಗಿ ಬರೋಣ."

ಸೊಸೆ ಮಾವನ ಮುಖ ನೋಡಿದಳು. ಮೇಷ್ಟ್ರು ಊರುಗೋಲಿನಿಂದ ಗೇಟಿನ ಕಡೆ ತೋರಿಸಿದರು.

"ಎರಡನೇ ಗೇರಲ್ಲೇ ಹೋಗು. ತಿರುವಿನಲ್ಲಿ ಮರಳಿದೆ, ನಿಧಾನ."