ರಾಜಕುಮಾರಿಯ ವಯಸ್ಸು

ಹಾಸಿಗೆ ಹೊರಗೆ ಹಾಕಬೇಕೆಂದು ಅಮ್ಮ ಶ್ರೀವಿದ್ಯಾ ಅವಸರಿಸುತ್ತಿದ್ದಳು. ಸಂಹಿತಾ ಅಜ್ಜಿಯ ದಿಂಬಿನಡಿಯಿಂದ ಕಾದಂಬರಿಗಳನ್ನು ಒಂದೊಂದಾಗಿ ಎಳೆಯುತ್ತಿದ್ದಳು. ಎಲ್ಲವೂ ರಾಜರಾಣಿಯರ ಪ್ರೇಮಕತೆಗಳು, ಕನ್ನಡ ಸಂಘದ ಲೈಬ್ರರಿಯವು. ಅಜ್ಜಿ ಜಯಲಕ್ಷ್ಮಮ್ಮ ಹಜಾರದಲ್ಲಿ ದರ್ಭೆಯ ಮೇಲೆ ಮಲಗಿದ್ದರು. ಎಪ್ಪತ್ತೊಂಬತ್ತು ವರ್ಷ, ಕಾಫಿ ಕುಡಿದು ಮಗ್ಗುಲಾದವರು ಏಳಲಿಲ್ಲ.

ಪೋರೂರಿನ ಆ ಮನೆಯಲ್ಲಿ ಅತ್ತವರು ಕಡಿಮೆ. ನೆಂಟರ ಪೈಕಿಯ ಚಿಕ್ಕತಾಯಮ್ಮ ಬಂದವರಿಗೆಲ್ಲ ಹೇಳುತ್ತಿದ್ದರು: ಹದಿನಾಲ್ಕಕ್ಕೆ ಮದುವೆ, ಗಂಡ ವಿಷ್ಣುತೀರ್ಥರಿಗೆ ಆಗ ಮೂವತ್ತೈದು, ಆದರೂ ರಾಣಿಯ ಹಾಗೆ ಬಾಳಿದಳು.

"ಪಾವಂ, ಪಾಪದವಳು, ಒಂದು ದಿನವೂ ಬೇಡ ಅಂದವಳಲ್ಲ."

ಒಂದು ಸಲ ಅಂದಿದ್ದರು. ಸಂಹಿತಾಗೆ ಗೊತ್ತಿತ್ತು.

*

ಅಜ್ಜಿಯ ಕಣ್ಣು ಮಂಜಾದ ಮೇಲೆ ಓದಿ ಹೇಳುವ ಕೆಲಸ ಸಂಹಿತಾಳದು. ತಮಿಳು ಶಾಲೆಗೆ ಹೋದವಳಿಗೆ ಕನ್ನಡ ಅಕ್ಷರ ತಿದ್ದಿಸಿದವರೂ ಅಜ್ಜಿಯೇ. ಒಂದು ಕಾದಂಬರಿಯಲ್ಲಿ ಸೋತ ರಾಜ ಸಂಧಿಗಾಗಿ ಹದಿಮೂರರ ಮಗಳನ್ನು ಗೆದ್ದವನಿಗೆ ಕೊಡುತ್ತಿದ್ದ. ಗೆದ್ದವನಿಗೆ ನಲವತ್ತು. ಓದಲು ಹಿಂಸೆಯಾಗಿ ಸಂಹಿತಾ ಹತ್ತೊಂಬತ್ತು ಎಂದು ಓದಿದಳು.

"ಇದ್ದದ್ದು ಇದ್ದ ಹಾಗೆ ಓದು," ಎಂದರು ಅಜ್ಜಿ. "ಹತ್ತೊಂಬತ್ತರ ಹುಡುಗಿ ಮಂಚದ ಕೆಳಗೆ ಗೊಂಬೆ ಬಚ್ಚಿಡ್ತಾಳಾ?"

ಇಂಥದ್ದನ್ನೆಲ್ಲ ಯಾಕೆ ಓದಿಸಿಕೊಳ್ಳುತ್ತೀ ಎಂದು ಸಂಹಿತಾ ಕೇಳಿದಳು.

"ನಿಮ್ಮ ತಾತ ಒಳ್ಳೆಯವರು. ಗದರಲಿಲ್ಲ, ಕೇಳಿದ ಪುಸ್ತಕ ತಂದುಕೊಟ್ಟರು. ಸುಖವಾಗೇ ಇದ್ದೆ. ಆದ್ರೆ ಮದುವೆಗೆ ಮುಂಚೆ ನನ್ನನ್ನ ಯಾರೂ ಕೇಳಲಿಲ್ಲ ಕಣೆ. ಈ ಕತೆ ಬರೆಯೋರು ಆ ಹುಡುಗಿ ಮನಸ್ಸಲ್ಲಿ ಏನಿದೆ ಅಂತ ಒಂದು ಪುಟನಾದ್ರೂ ಕೇಳ್ತಾರೆ."

ಮರುವರ್ಷ ಅಪ್ಪ ಉಪೇಂದ್ರ ಸಂಹಿತಾಗೆ ಗಂಡು ಗೊತ್ತುಮಾಡಿದ. ಹದಿನಾಲ್ಕು ವರ್ಷ ದೊಡ್ಡವನು, ದಾಯಾದಿ ಪದ್ಮನಾಭನ ಭಾಮೈದ. ಹಳೆಯ ಮನೆಯ ಪಾಲಿಗಾಗಿ ಮಾತು ಬಿಟ್ಟಿದ್ದ ಎರಡು ಕುಟುಂಬಗಳು ಇದರಿಂದ ಒಂದಾಗುತ್ತವೆಂದು ಅವನ ಆಸೆ. ಅಜ್ಜಿ ಎಲ್ಲರೆದುರಿಗೆ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇಷ್ಟವೇ ಎಂದು ಕೇಳಿದರು.

"ಪುಡಿಕ್ಕಲೆ," ಎಂದಳು ಸಂಹಿತಾ, ಗಾಬರಿಗೆ ತಮಿಳಿನಲ್ಲೇ. "ಇಷ್ಟ ಇಲ್ಲ ಅಜ್ಜಿ."

"ಹಾಗಾದ್ರೆ ಬೇಡ. ಸಂಧಿ ಆಗಬೇಕಿದ್ರೆ ನೀನೇ ಹೋಗಿ ಮಾತಾಡು, ಉಪೇಂದ್ರ."

ಉಪೇಂದ್ರ ಹೋಗಲಿಲ್ಲ. ಆರು ತಿಂಗಳು ತಾಯಿಯ ಜೊತೆ ನೆಟ್ಟಗೆ ಮಾತಾಡಲೂ ಇಲ್ಲ.

*

ಹತ್ತು ಗಂಟೆಗೆ ಪದ್ಮನಾಭ ಶೋಳಿಂಗನಲ್ಲೂರಿನಿಂದ ಬಂದಿಳಿದ. ಷರಟು ತೆಗೆದಿಟ್ಟು ಚಟ್ಟಕ್ಕೆ ಹೆಗಲು ಕೊಟ್ಟ. ಬೆಂಕಿಯ ಮಡಕೆ ಹಿಡಿದು ಮುಂದಿದ್ದ ಉಪೇಂದ್ರ, ಗೇಟಿನ ಹತ್ತಿರ ಮೆಟ್ಟಿಲಿದೆ, ನೋಡಿಕೊಂಡು ಬಾ ಎಂದ. ಐದು ವರ್ಷಗಳಲ್ಲಿ ಅದು ಅವರಿಬ್ಬರ ನಡುವಿನ ಮೊದಲ ಮಾತು.

ಸಂಸ್ಕಾರ ಮುಗಿಸಿ, ಸ್ನಾನ ಮಾಡಿ ಬಂದ ಅಪ್ಪನ ಬಳಿ ಸಂಹಿತಾ ಕೂತಳು. ಅಜ್ಜಿ ಆ ಪುಸ್ತಕಗಳನ್ನು ಯಾಕೆ ಓದಿಸಿಕೊಳ್ಳುತ್ತಿದ್ದರೆಂದು ಹೇಳಿದಳು. ಅವನು ಎದ್ದು ಹಿತ್ತಲಿಗೆ ನಡೆದ. ಶ್ರೀವಿದ್ಯಾ ಅಲ್ಲಿ ಒಗೆದ ಬಟ್ಟೆ ಹರವುತ್ತಿದ್ದಳು.

"ನಮ್ಮ ಮದುವೆ ಗೊತ್ತಾದಾಗ ನಿನ್ನನ್ನ ಯಾರಾದ್ರೂ ಕೇಳಿದ್ರಾ?"

ಶ್ರೀವಿದ್ಯಾ ಗಂಡನ ಮುಖ ನೋಡಿದಳು. ಅವನನ್ನು ಒಗೆಯುವ ಕಲ್ಲಿನ ಮೇಲೆ ಕೂರಿಸಿ, ಹಗ್ಗದಿಂದ ಒಣಗಿದ ಟವೆಲ್ಲು ತೆಗೆದು, ಇನ್ನೂ ನೀರು ತೊಟ್ಟಿಕ್ಕುತ್ತಿದ್ದ ತಲೆಯನ್ನು ಒರೆಸತೊಡಗಿದಳು. "ಯಾರೂ ಇಲ್ಲ. ಈಗ ನೀವು ಕೇಳಿದ್ರಲ್ಲ," ಎಂದು ಒರೆಸುತ್ತಲೇ ನಗುತ್ತಿದ್ದಳು.