ಅಜ್ಜಿ ಕೂತರೆ ಅಲ್ಲಾಡುವ ಕಾರು

ನೆಲಕ್ಕೆ ಇಳಿಸಿದ ಕಾರುಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ದೊಡ್ಡಬಳ್ಳಾಪುರದ ರಸ್ತೆಗಳಲ್ಲಿ ಹೆಜ್ಜೆಗೊಂದು ಹಂಪು. ಒಂದೊಂದೂ ಮಲಗಿದ ಎಮ್ಮೆಯಷ್ಟು ಎತ್ತರ. ಇಂಥ ಊರಿನಲ್ಲಿ ಚೆನ್ನಾಗಿರುವ ಕಾರಿನ ಸ್ಪ್ರಿಂಗ್ ಬದಲಿಸಿ, ಎರಡು ಇಂಚು ಕೆಳಗಿಳಿಸಿ, ಹೊಟ್ಟೆ ಉಜ್ಜಿಕೊಂಡು ಓಡಾಡುವುದು ಯಾವ ಶೋಕಿಯೋ ದೇವರೇ ಬಲ್ಲ. ಇಪ್ಪತ್ತಾರು ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ. ಇಂಥ ಕಾರು ಬಾಗಿಲಿಗೆ ಬಂದರೆ ಮೊದಲು ಬೈಯುತ್ತೇನೆ, ಆಮೇಲೆ ಜಾಕ್ ಹಾಕುತ್ತೇನೆ.

ಇಮ್ರಾನನಿಗೂ ಹಾಗೇ ಮಾಡಿದೆ. ದೇವನಹಳ್ಳಿಯ ಏರ್‌ಪೋರ್ಟಿನ ಕಾರ್ಗೋ ಆಫೀಸಿನಲ್ಲಿ ಕೆಲಸ, ಮರ್ಯಾದಸ್ಥ ಹುಡುಗ. ಆದರೆ ಅವನ ನೀಲಿ ಕಾರಿನ ಕೆಳಗೆ ಬೆಕ್ಕು ನುಗ್ಗುವುದೂ ಕಷ್ಟ. ಬೈಗುಳವನ್ನೆಲ್ಲ ತಲೆತಗ್ಗಿಸಿ ಕೇಳಿ, ಕೊನೆಗೆ ಹೇಳಿದ.

"ಚಲಪತಿ ಅಣ್ಣಾ, ಹಿಂದ್ಗಡೆ ಬಾಲ ಆಡಿಸ್ತದೆ. ಭಾನ್ವಾರದೊಳಗೆ ಸರಿ ಮಾಡ್ಕೊಡಿ. ಇಲ್ದಿದ್ರೆ ಅಬ್ಬಾ ಮಾರ್ಬಿಡ್ತಾರೆ."

ವಿಷಯ ಇಷ್ಟು. ಭಾನುವಾರ ಹೊಸಕೋಟೆಯಲ್ಲಿ ಅವರ ನೆಂಟರ ಮದುವೆ. ಇಮ್ರಾನನ ಅಜ್ಜಿ ಬಶೀರುನ್ನೀಸಾ ಎಲ್ಲಿಗೆ ಹೋದರೂ ಮೊಮ್ಮಗನ ಕಾರಿನಲ್ಲೇ ಹೋಗುವವರು. ಇಳಿದ ಮೇಲೆ ಪ್ರತಿ ಸಲವೂ "ಅಲ್ಲಾಡ್ತು" ಎನ್ನುತ್ತಿದ್ದರು. ಕೇಳಿ ಕೇಳಿ ಅವರ ಮಗ, ಅಂದರೆ ಇಮ್ರಾನನ ಅಪ್ಪ ಮಸ್ತಾನ್ ಭಾಯ್, ತೀರ್ಪು ಕೊಟ್ಟಿದ್ದರು: ಮದುವೆಗೆ ಹೋಗಿ ಬರುವಾಗ ಅಮ್ಮ ಇನ್ನೊಂದು ಸಲ ಆ ಮಾತು ಅಂದರೆ ಸೋಮವಾರ ಕಾರು ಮಾರಾಟ. ಮೂರು ವರ್ಷ ಸಂಬಳ ಉಳಿಸಿ ಕೊಂಡ ಕಾರು ಅದು. ಹೇಳುತ್ತಲೇ ಹುಡುಗ ಬಾನೆಟ್ ಮೇಲಿನ ಧೂಳನ್ನು ತನ್ನ ತೋಳಿನಿಂದ ಒರೆಸಿದ. ನನಗೂ ಒಂಥರಾ ಆಯಿತು, ತೋರಿಸಿಕೊಳ್ಳಲಿಲ್ಲ.

ಟೈರಿನ ಗಾಳಿ ನೋಡಿದೆ, ಸರಿ. ಬೇರಿಂಗ್ ಅಲ್ಲಾಡಿಸಿದೆ, ಬಿಗಿ. ಬುಷ್, ಶಾಕ್, ಅಲೈನ್‌ಮೆಂಟ್, ಯಾವುದರಲ್ಲೂ ತಪ್ಪಿಲ್ಲ. ನಾನೇ ಓಡಿಸಿಕೊಂಡು ನಾಗರಕೆರೆ ಕಡೆ ಒಂದು ಸುತ್ತು ಹೋಗಿ ಬಂದೆ. ಕಾರು ದಾರ ಹಿಡಿದಂತೆ ನೆಟ್ಟಗೆ ಹೋಯಿತು. ನನಗೆ ಸಿಟ್ಟು ಬಂತು. ಕಾಯಿಲೆ ಇರುವ ಕಾರಿಗಿಂತ ಕಾಯಿಲೆ ಮುಚ್ಚಿಡುವ ಕಾರು ಕೆಟ್ಟದ್ದು.

"ನೀನೊಬ್ನೇ ಹೋಗುವಾಗ ಆಡಿಸ್ತದಾ?"

"ಇಲ್ಲ ಅಣ್ಣಾ. ದಾದಿಮಾ ಕೂತಾಗ್ಲೇ. ಅದೂ ಬಲಕ್ಕೆ ತಿರುಗುವಾಗ."

"ಅವ್ರು ಎಲ್ಲಿ ಕೂರ್ತಾರೆ?"

"ಹಿಂದೆ, ಎಡಗಡೆ. ಯಾವಾಗ್ಲೂ ಅಲ್ಲೇ."

ನೋಡಿ, ಅರ್ಧ ಉತ್ತರ ಅಲ್ಲೇ ಇತ್ತು. ಆದರೆ ಅಜ್ಜಿ ಕೂತ ಕಾರನ್ನು ಯಾವ ಮೆಕ್ಯಾನಿಕ್ಕೂ ನೋಡಿರಲಿಲ್ಲ. ಗ್ಯಾರೇಜಿಗೆ ತರುವ ಮೊದಲು ಮನೆಯಲ್ಲಿ ಅಜ್ಜಿಯನ್ನು ಇಳಿಸಿ, ಅವರ ಎಲೆಯಡಿಕೆ ಡಬ್ಬಿ ಇಳಿಸಿ, ಕಾರು ಗುಡಿಸಿ ಒರೆಸಿ ತರುವುದು ಅವರ ಪದ್ಧತಿ. ಮನೆಯ ಹಿರಿಯ ಹೆಂಗಸನ್ನು ಗ್ರೀಸ್ ಮೆತ್ತಿದ ಗ್ಯಾರೇಜಿಗೆ ಕರೆತರುವುದುಂಟೇ! ನನಗೂ ಕೇಳುವ ಧೈರ್ಯವಿರಲಿಲ್ಲ.

"ಹೋಗ್ಲಿ, ಅವ್ರ ತೂಕದಷ್ಟು ಏನಾದ್ರೂ ಕೂರ್ಸೋಣ. ಎಷ್ಟಿರ್ತಾರೆ?"

ಇಮ್ರಾನ್ ಕೆನ್ನೆ ಮುಟ್ಟಿಕೊಂಡ. "ತೋಬಾ! ದೊಡ್ಡೋರ ತೂಕ ಹೆಂಗೆ ಹೇಳೋದಣ್ಣಾ? ಒಂದ್... ಐವತ್ತು ಹಾಕ್ಕೊಳ್ಳಿ."

ಪಕ್ಕದ ಮಗ್ಗದ ಶೆಡ್ಡಿನ ಗಂಗಣ್ಣನ ಹತ್ತಿರ ಐವತ್ತು ಕೆಜಿ ಸೀರೆ ಗಂಟು ಕಡ ತಂದೆವು. ಎಡಗಡೆ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿ, ಕೆರೆ ಏರಿಯ ತಿರುವಿನಲ್ಲಿ ನಾಲ್ಕು ಸಲ ತಿರುಗಿಸಿದೆ. ಕಾರು ಜಪ್ಪಯ್ಯ ಅನ್ನಲಿಲ್ಲ. "ನಿಮ್ಮಜ್ಜಿಗೆ ತಲೆ ಸುತ್ತು ಇರ್ಬೇಕು ಕಣೋ" ಎಂದು ಬೈದು ಕಳಿಸಿದೆ.

ಮರುದಿನ ಶುಕ್ರವಾರ. ಇಮ್ರಾನ್ ಇನ್ನೊಮ್ಮೆ ಕಾರು ತಂದು, ಇನ್ನೊಮ್ಮೆ ನೋಡಿ ಎಂದು ಗೋಗರೆಯುತ್ತಿದ್ದ. ಅಷ್ಟರಲ್ಲಿ ಬಾಗಿಲಿಗೆ ಒಂದು ಆಟೋ ಬಂದು ನಿಂತಿತು. ಅದರಿಂದ ಇಳಿದವರು ಸಾಕ್ಷಾತ್ ಬಶೀರುನ್ನೀಸಾ ಅಮ್ಮ. ಕುಳ್ಳಗೆ, ದುಂಡಗೆ, ಕಂಕುಳಲ್ಲಿ ಎಲೆಯಡಿಕೆ ಡಬ್ಬಿ. ಇಮ್ರಾನನ ಮುಖದಲ್ಲಿ ರಕ್ತವೇ ಇಲ್ಲ.

"ನನ್ನ ಜಾಗದಾಗೆ ಸೀರೆ ಕೂರ್ಸಿದ್ರಂತೆ?" ಎಂದು ನನ್ನನ್ನೇ ಕೇಳಿದರು. "ಗಂಗಣ್ಣ ಬೀದಿಯೆಲ್ಲಾ ಹೇಳ್ಕೊಂಡು ನಗ್ತಾ ಅವ್ನೆ."

"ತಪ್ಪಾಯ್ತಮ್ಮಾ. ಇವ್ನೇ ಐವತ್ತು ಕೆಜಿ ಅಂದ."

"ಐವತ್ತು ನಾನು ಮದ್ವೆ ಹೆಣ್ಣಾಗಿದ್ದಾಗ ಇದ್ದೆ ಕಣಪ್ಪಾ. ಈಗ ಎಂಬತ್ತೆಂಟು. ಹೋದ ತಿಂಗ್ಳು ಆಸ್ಪತ್ರೇಲಿ ತೂಗವ್ರೆ. ಮುಚ್ಚಿಡೋಕೆ ಅದೇನು ಚಿನ್ನಾನಾ?"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮೊಮ್ಮಗನ ಮರ್ಯಾದೆ ಮೂವತ್ತೆಂಟು ಕೆಜಿ ನುಂಗಿ ಹಾಕಿತ್ತು!

ಈಗ ಕೆಲಸ ಸಲೀಸಾಯಿತು. ಹಿಂದಿನ ಚಕ್ರಗಳನ್ನು ಜೋಡಿಸುವ ಆಕ್ಸಲ್ ಮೇಲೆದ್ದು ಕಾರಿನ ತಳಕ್ಕೆ ಬಡಿಯದಂತೆ ಎರಡೂ ಕಡೆ ಒಂದೊಂದು ರಬ್ಬರ್ ತುಂಡು ಇರುತ್ತದೆ. ಕಾರು ಇಳಿಸಿದವರು ಆ ರಬ್ಬರಿಗೂ ಆಕ್ಸಲಿಗೂ ನಡುವಿನ ಜಾಗವನ್ನೇ ತಿಂದುಬಿಟ್ಟಿರುತ್ತಾರೆ. ನನ್ನ ಅನುಮಾನ ಅಲ್ಲಿತ್ತು. ಗುರುತು ಬೇಕಲ್ಲ? ಅಮ್ಮನ ಡಬ್ಬಿಯಿಂದಲೇ ಒಂದು ಬೆರಳು ಸುಣ್ಣ ಕೇಳಿ ಎರಡೂ ರಬ್ಬರಿಗೆ ಬಳಿದೆ. ಅವರನ್ನು ಅವರ ಜಾಗದಲ್ಲಿ ಕೂರಿಸಿ, ಇಮ್ರಾನನ ಕೈಗೆ ಸ್ಟೀರಿಂಗ್ ಕೊಟ್ಟು, ನಾನು ಮುಂದೆ ಪಕ್ಕದಲ್ಲಿ ಕೂತೆ. ಕೆರೆ ಏರಿಯ ಮೇಲೆ ಬಲಕ್ಕೆ ತಿರುಗುತ್ತಿದ್ದಂತೆ ಹಿಂದಿನ ಭಾಗ ದಡಕ್ಕನೆ ಹೊರಕ್ಕೆ ಜಿಗಿಯಿತು. ನಾನು ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡ್ ಹಿಡಿದುಕೊಂಡೆ.

"ಅಲ್ಲಾಡ್ತಾ?" ಎಂದರು ಹಿಂದಿನಿಂದ ಅಮ್ಮ, ತಣ್ಣಗೆ.

ವಾಪಸ್ ಬಂದು, ಅಮ್ಮ ಇಳಿದ ಮೇಲೆ ಜಾಕ್ ಏರಿಸಿ ನೋಡಿದರೆ ಎಡಗಡೆ ಆಕ್ಸಲಿನ ಮೇಲೆ ರೂಪಾಯಿ ಬಿಲ್ಲೆಯಷ್ಟು ಅಗಲದ ಸುಣ್ಣದ ಮುದ್ರೆ. ಬಲಗಡೆ ಸ್ವಚ್ಛ. ಇಮ್ರಾನನನ್ನು ಬಗ್ಗಿಸಿ ತೋರಿಸಿದೆ. ಅಜ್ಜಿ ಕೂತರೆ ಎಡಗಡೆ ಸ್ಪ್ರಿಂಗ್ ಕುಸಿಯುತ್ತದೆ, ಬಲಕ್ಕೆ ತಿರುಗಿದರೆ ಕಾರಿನ ಭಾರವೂ ಎಡಕ್ಕೇ ವಾಲುತ್ತದೆ. ಆಕ್ಸಲ್ ರಬ್ಬರಿಗೆ ಒದ್ದುಕೊಂಡ ಮೇಲೆ ಆ ಚಕ್ರಕ್ಕೆ ಸ್ಪ್ರಿಂಗೇ ಇಲ್ಲದಂತೆ. ಸಣ್ಣ ಗುಂಡಿ ಸಿಕ್ಕರೂ ನೆಲ ಬಿಟ್ಟು ಜಾರುತ್ತದೆ.

"ಹಳೇ ಸ್ಪ್ರಿಂಗ್ ಹಾಕಿ ಎತ್ರ ಮಾಡ್ಬಿಡೋಣ. ಒಂದ್ ಗಂಟೆ ಕೆಲ್ಸ," ಎಂದೆ. ಸತ್ಯ ಹೇಳಬೇಕೆಂದರೆ ಒಳಗೊಳಗೇ ಖುಷಿಯಾಗಿತ್ತು.

ಇಮ್ರಾನ್ ಕಾರಿನ ಸುತ್ತ ಒಂದು ಸುತ್ತು ನಡೆದ. "ಮಾಡ್ಬಿಡಿ ಅಣ್ಣಾ. ದಾದಿಮಾ ಬಿದ್ದುಗಿದ್ರೆ ಈ ಶೋಕಿ ಇಟ್ಕೊಂಡು ಏನ್ ಮಾಡ್ಲಿ?"

"ಯಾರನ್ನ ಕೇಳಿ ಎತ್ರ ಮಾಡ್ತೀರಾ?" ಅಮ್ಮ ಬಾಗಿಲ ಬಳಿಯ ಬೆಂಚಿನಿಂದಲೇ ಗದರಿದರು. "ಮಸ್ತಾನಂದು ಎತ್ರದ ಕಾರು, ಹತ್ಬೇಕಂದ್ರೆ ಸ್ಟೂಲ್ ಹಾಕ್ತಾರೆ. ಒಬ್ರು ಕೈ ಎಳೀತಾರೆ, ಒಬ್ರು ಹಿಂದಿಂದ ನೂಕ್ತಾರೆ. ನಾನೇನು ಮೂಟೆನಾ? ಈ ನೋಯೋ ಮಂಡಿ ಇಟ್ಕೊಂಡು ಯಾರ ಕೈನೂ ಹಿಡೀದೆ ನಾನೇ ಕೂರೋದು ಇದೊಂದ್ರಾಗೆ."

"ಮತ್ತೆ ಯಾವಾಗ್ಲೂ ಅಲ್ಲಾಡ್ತು, ಅಲ್ಲಾಡ್ತು ಅಂತಿದ್ರಿ ದಾದಿಮಾ?"

"ಅಲ್ಲಾಡ್ತು ಅಂದೆ. ಮಾರು ಅಂದ್ನಾ? ಸರಿ ಮಾಡ್ಸು ಅಂತ ಅಲ್ವೇನೋ ಹೇಳಿದ್ದು!"

ಇಮ್ರಾನ್ ಅತ್ತೇಬಿಟ್ಟ. ನಾನು ಸ್ಪ್ಯಾನರ್ ಹುಡುಕುವವನಂತೆ ಒಳಗೆ ಹೋದೆ.

ಇಳಿಸಿದ ಕಾರುಗಳನ್ನು ಇಷ್ಟು ವರ್ಷ ಶಪಿಸಿದ ನಾನು, ಈ ಒಂದನ್ನು ಇಳಿದೇ ಇರುವಂತೆ ನೋಡಿಕೊಳ್ಳಲು ಶನಿವಾರ ಪೂರ್ತಿ ಮೈಮುರಿದು ದುಡಿದೆ. ನೆಲಮಂಗಲದ ಸ್ಪ್ರಿಂಗ್ ಅಂಗಡಿಯಿಂದ ಅಷ್ಟೇ ಎತ್ತರದ, ಆದರೆ ದಪ್ಪ ತಂತಿಯ ಗಟ್ಟಿ ಸ್ಪ್ರಿಂಗ್ ತಂದೆ. ಅದಕ್ಕೆ ತಕ್ಕ ಶಾಕ್ ಹಾಕಿ, ದಪ್ಪ ರಬ್ಬರ್ ತೆಗೆದು ಗಿಡ್ಡ ರಬ್ಬರ್ ಕೂರಿಸಿದೆ. ಸಂಜೆ ಮತ್ತೆ ಸುಣ್ಣ, ಮತ್ತೆ ಅಮ್ಮ, ಮತ್ತೆ ಕೆರೆ ಏರಿ. ಈ ಸಲ ಮುದ್ರೆ ಬೀಳಲಿಲ್ಲ. ಆದರೂ ಹೊಸಕೋಟೆಗೆ ಹೋಗುವ ಬೂದಿಗೆರೆ ದಾರಿಯ ಗುಂಡಿ, ತಿರುವುಗಳನ್ನು ನೆನೆದು ರಾತ್ರಿ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ.

ಭಾನುವಾರ ಸಂಜೆ ಮದುವೆ ಮುಗಿಸಿಕೊಂಡು ಅಪ್ಪ, ಮಗನ ಎರಡೂ ಕಾರು ಗ್ಯಾರೇಜ್ ಮುಂದೆ ಬಂದು ನಿಂತವು. ಮಸ್ತಾನ್ ಭಾಯ್ ತಮ್ಮ ಎತ್ತರದ ಕಾರಿನಿಂದ ಇಳಿದು ನನಗೆ ಸಲಾಂ ಹೇಳಿ, ನೇರವಾಗಿ ಮಗನ ಕಾರಿನ ಹಿಂಬಾಗಿಲು ತೆಗೆದರು. ಇಮ್ರಾನ್ ಸ್ಟೀರಿಂಗ್ ಬಿಡದೆ ಕನ್ನಡಿಯಲ್ಲಿ ನೋಡುತ್ತಿದ್ದ.

"ಅಮ್ಮಾ, ನಿಜ ಹೇಳು, ಅಲ್ಲಾಡ್..."

ಮಾತು ಅಲ್ಲಿಗೇ ನಿಂತಿತು. ನಾನೂ ಬಗ್ಗಿ ನೋಡಿದೆ. ಬಶೀರುನ್ನೀಸಾ ಅಮ್ಮ ತಲೆ ವಾಲಿಸಿ, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು.

"ಯಾವಾಗಿಂದ?" ಎಂದು ಮಸ್ತಾನ್ ಭಾಯ್ ಪಿಸುಗುಟ್ಟಿದರು.

"ಬೂದಿಗೆರೆ ದಾಟೋಕೆ ಮುಂಚೇನೇ ಅಬ್ಬಾ."

ಮಸ್ತಾನ್ ಭಾಯ್ ಅಮ್ಮನ ಮಡಿಲಿನಿಂದ ಜಾರುತ್ತಿದ್ದ ಎಲೆಯಡಿಕೆ ಡಬ್ಬಿಯನ್ನು ಮೆಲ್ಲಗೆ ಸರಿಸಿಟ್ಟರು. "ನನ್ ಕಾರಲ್ಲಿ ಒಂದ್ಸಲಾನೂ ಕಣ್ಮುಚ್ಚಿಲ್ಲ," ಎಂದರು. ಆಮೇಲೆ ಸದ್ದಾಗದಂತೆ ಬಾಗಿಲು ಮುಚ್ಚಿ ಮಗನ ಕಿಟಕಿಗೆ ಬಗ್ಗಿದರು. "ಹಂಪು ನೋಡ್ಕೊಂಡು ಹೋಗು. ಎಬ್ಬಿಸ್ಬೇಡ."