ಕಣ್ಣೀರ ಸುಳಿ

ಬೇಸಿಗೆಯ ತಿರುಗಾಟ ಮುಗಿಸಿ ಕುರಿಹಿಂಡು ಊರಿಗೆ ಮರಳುತ್ತಿತ್ತು. ಇನ್ನು ನಾಲ್ಕು ದಿನದ ದಾರಿ ಉಳಿದಿರುವಾಗ ಅಮೋಘಸಿದ್ದಪ್ಪನ ಮುದಿ ಕುದುರೆ ಹುಮನಾಬಾದಿನ ಆಚೆ ಒಂದು ಬೇವಿನ ಮರದ ಕೆಳಗೆ ಮಲಗಿತು, ಮತ್ತೆ ಏಳಲಿಲ್ಲ. ಹದಿನಾಲ್ಕು ವರ್ಷ ಅದು ಕಂಬಳಿ, ಪಾತ್ರೆ, ಹಿಟ್ಟಿನ ಚೀಲ, ಆಗತಾನೇ ಹುಟ್ಟಿದ ಮರಿಗಳನ್ನು ಹೊತ್ತಿತ್ತು. ಕೊನೆಯ ಮೂರು ವರ್ಷ ಅವನ ಹೆಂಡತಿ ಧೂಳಮ್ಮನನ್ನೂ ಹೊತ್ತಿತ್ತು. ಉಳಿದ ನಾಲ್ಕು ದಿನ ಧೂಳಮ್ಮ ನಡೆದೇ ಬಂದಳು. ತಮ್ಮೂರು ನಾರಾಯಣಪುರ ಮುಟ್ಟುವಷ್ಟರಲ್ಲಿ ಆಕೆಯ ಬಲಮೊಣಕಾಲು ಊದಿ ತೊಡೆಯಷ್ಟು ದಪ್ಪವಾಗಿತ್ತು. ಬಸವಕಲ್ಯಾಣದ ಡಾಕ್ಟರು ಎಕ್ಸರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೀಲಿನ ನಡುವಿನ ಮೆತ್ತೆ ಸವೆದುಹೋಗಿದೆ, ಇನ್ನು ದೂರ ನಡೆಯುವ ಹಾಗಿಲ್ಲ ಅಂದರು.

ಅಮೋಘಸಿದ್ದಪ್ಪ ಕೆಟ್ಟವನಲ್ಲ. ಆದರೆ ನೂರಾನಲವತ್ತು ಕುರಿಯ ಹಿಂದೆ ಬದುಕುವವನಿಗೆ ತೀರ್ಮಾನಗಳು ಚಿಕ್ಕವಾಗಿರುತ್ತವೆ.

"ದೀಪಾವಳಿ ಆದ ಮ್ಯಾಲ ಹೊರಡೂದು ಅದ. ಕುದುರಿ ಇದ್ರ ಬರ್ತಾಳ. ಇಲ್ಲಂದ್ರ ದುಬಲಗುಂಡ್ಯಾಗ ಆಕಿ ತಮ್ಮನ ಮನ್ಯಾಗ ಇರ್ತಾಳ. ಮಳಿಗಾಲಕ್ಕ ನಾವು ಬಂದ ಮ್ಯಾಲ ಕರ್ಕೊಂಡು ಬಂದ್ರಾತು."

ಧೂಳಮ್ಮ ಹಿಂದೊಮ್ಮೆ ಜ್ವರ ಬಂದು ತಮ್ಮನ ಮನೆಯಲ್ಲಿ ಇಪ್ಪತ್ತು ದಿನ ಇದ್ದಳು. ಆಕೆ ಪಡಸಾಲೆಗೆ ಬಂದು ಕೂತ ಕೂಡಲೇ ತಮ್ಮನ ಹೆಂಡತಿ ಟಿವಿ ಆರಿಸಿ ಎದ್ದುಹೋಗುತ್ತಿದ್ದಳು. ಇಪ್ಪತ್ತು ದಿನವೂ ಅಷ್ಟೇ. ಬೈಗುಳವಿಲ್ಲ, ಜಗಳವಿಲ್ಲ. ಈಗ ಅಲ್ಲಿ ಏಳು ತಿಂಗಳು.

"ಕುದುರಿ ನಾ ತರ್ತೀನಿ," ಅಂದಳು ಮಗಳು ಉಮಾದೇವಿ. ಸೈನ್ಸ್ ತೆಗೆದುಕೊಂಡು ಪಿಯುಸಿ ಮುಗಿಸಿ ಮನೆಯಲ್ಲಿದ್ದ ಹದಿನೆಂಟರ ಹುಡುಗಿ.

ಅಪ್ಪ ನಕ್ಕ. "ಕುದುರಿ ಅಂದ್ರ ಕೋಳಿ ಅಲ್ಲವ್ವಾ. ಮೂವತ್ತು ಸಾವಿರ ಅದ."

"ಅಪ್ಪ, ನೀ ದೀಪಾವಳಿ ತನಕಾ ಮಾಮಾಗ ಹೇಳಿ ಕಳಸಬ್ಯಾಡ. ಅಷ್ಟೇ."

ಜೂನ್‌ನಲ್ಲಿ ಬೇವಿನ ಹಣ್ಣು ಉದುರುತ್ತವೆ. ಗೋರ್ಟಾ ದಾರಿಯ ಉದ್ದಕ್ಕೂ ಬೆಳಗಿನ ಐದು ಗಂಟೆಗೆಲ್ಲ ಅವಳು ಮರದಿಂದ ಮರಕ್ಕೆ ಬಾಗುತ್ತ ಹೋದಳು. ತಿರುಳು ತೊಳೆದು, ಬೀಜ ಒಣಗಿಸಿ, ನಾಲ್ಕು ಚೀಲ ಮಾಡಿದಳು. ಮಳೆ ಮೊದಲೇ ಬಂತು. ವ್ಯಾಪಾರಿ ಚೀಲದೊಳಗೆ ಕೈ ಹಾಕಿ, ಹಸಿ ಅದ ಎಂದು ಅರ್ಧ ಬೆಲೆಗೆ ತೂಗಿಸಿಕೊಂಡ. ಜುಲೈ, ಆಗಸ್ಟಿನಲ್ಲಿ ಸೋಯಾಬೀನ್ ಹೊಲದಲ್ಲಿ ಕಳೆ ತೆಗೆದಳು. ಸಂಜೆ ಮೂರು ಹುಡುಗರಿಗೆ ಗಣಿತ, ವಿಜ್ಞಾನ ಹೇಳಿಕೊಟ್ಟಳು. ಒಬ್ಬನ ಮನೆಯವರು ಫೀಜಿನ ಬದಲು ಹೆಸರುಬೇಳೆ ಕಳಿಸಿದರು. ಕತ್ತರಿಸಿದ ಉಣ್ಣೆ ಎರಡು ಮೂಟೆಯಿತ್ತು. ಅದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಸವಕಲ್ಯಾಣಕ್ಕೆ ಒಯ್ದಳು. "ಈಗ ಇದನ್ನ ಯಾರೂ ಕೇಳಂಗಿಲ್ಲವ್ವಾ, ಪುಕ್ಕಟೆ ಕೊಟ್ರೂ ಇಡಾಕ ಜಾಗಾ ಇಲ್ಲ," ಅಂದ ಅಂಗಡಿಯವನು. ಹೋಗಿ ಬಂದ ಬಸ್ಸಿನ ದುಡ್ಡೂ ಹೋಯಿತು. ಸೋಯಾಬೀನ್ ಕೊಯ್ಲಿನಲ್ಲಿ ಒಣಗಿದ ಕಾಯಿಯ ಮೊನೆ ತಾಗಿ ಬೆರಳೆಲ್ಲ ಸೀಳಿದವು. ಧೂಳಮ್ಮ ದಿನಾ ರಾತ್ರಿ ಮಗಳ ಕೈಗೆ ಎಣ್ಣೆ ಹಚ್ಚುತ್ತ, "ಸಾಕು ಬಿಡು," ಅನ್ನುತ್ತಿದ್ದಳು. ಆದರೆ ಎಣ್ಣೆ ಹಚ್ಚುವ ಆ ಕೈಯಲ್ಲಿ ಒಂದು ಅವಸರ ಇರುತ್ತಿತ್ತು. ಸಾಕು ಅನ್ನುವವರ ಕೈ ಹಾಗಿರುವುದಿಲ್ಲ.

ಸೆಪ್ಟೆಂಬರ್ ಕೊನೆಗೆ ಸೀತಾಫಲ ಬಂದವು. ಕಲ್ಲುಗುಡ್ಡಗಳಲ್ಲಿ ಹಣ್ಣು ಹರಿದು, ಬುಟ್ಟಿ ಹೊತ್ತು, ಉಮಾದೇವಿ ಹುಮನಾಬಾದಿನ ಬಸ್‌ಸ್ಟ್ಯಾಂಡಿಗೆ ಹೋದಳು. ಅಲ್ಲಿ ದ್ರೌಪತಿ ಎಂಬ ಹೆಂಗಸು ಇಪ್ಪತ್ತು ವರ್ಷದಿಂದ ಬಸ್ಸಿನ ಕಿಟಕಿಗಳಲ್ಲಿ ಹಣ್ಣಿನ ವ್ಯಾಪಾರ ಮಾಡುತ್ತಿದ್ದಳು.

"ಏ ಹುಡುಗಿ, ಹಂಗ ಬಾಯಿ ಮುಚ್ಚಿ ನಿಂತ್ರ ಹಣ್ಣು ತಾನಾಗೇ ಕಿಟಕಿ ಹತ್ತತಾವೇನ? ಏನ್ ಓದೀದಿ?"

"ಪಿಯುಸಿ ಸೈನ್ಸ್ ರೀ."

"ಹಂಗಾದ್ರ ಏ ಸೈನ್ಸ್, ಕೂಗು! ಡೈವರ್ ಗಾಡಿ ಚಾಲೂ ಮಾಡಿದ ಮ್ಯಾಲ ಕೂಗು. ಆಗ ಮಂದಿ ಚೌಕಾಶಿ ಮಾಡಂಗಿಲ್ಲ."

ಅವಳು ಕೂಗುವುದನ್ನು ಕಲಿತಳು. ದಸರೆ ಕಳೆದು ದೀಪಾವಳಿಗೆ ವಾರವಿದ್ದಾಗ ಎಲ್ಲ ಸೇರಿ ಹದಿನಾರು ಸಾವಿರವಾಗಿತ್ತು. ಕುದುರೆಗೆ ಅದು ಅರ್ಧ.

ಬಸ್‌ಸ್ಟ್ಯಾಂಡಿನ ಹಿಂದೆ ಮದುವೆಯ ಕುದುರೆ ಸಾಕುವ ಅಲ್ಲಾಬಕ್ಷನ ಲಾಯ. ದ್ರೌಪತಿಯೇ ಅಲ್ಲಿಗೆ ಕರೆದೊಯ್ದಳು. ಮೂಲೆಯಲ್ಲಿ ಆರು ವರ್ಷದ ಒಂದು ಕಂದು ಹೆಣ್ಣುಕುದುರೆ ನಿಂತಿತ್ತು. ಉಮಾದೇವಿ ಅದರ ಹಲ್ಲು ನೋಡಿದಳು, ಗೊರಸು ಎತ್ತಿ ನೋಡಿದಳು, ಎದೆಗೆ ಕಿವಿಯಿಟ್ಟು ಉಸಿರು ಕೇಳಿದಳು. ಎಲ್ಲೂ ಐಬು ಇರಲಿಲ್ಲ.

"ಹದಿನಾರಕ್ಕ ಕೊಡ್ತೀನಿ," ಅಂದ ಅಲ್ಲಾಬಕ್ಷ. "ಯಾಕ ಕೊಡ್ತೀನಿ ಅಂತ ಕೇಳು ಬೇಟಿ. ನಾ ಮುಚ್ಚಿಟ್ಟು ಮಾರಾಂವಲ್ಲ." ಅವನು ಕುದುರೆಯ ಮುಖ ತಿರುಗಿಸಿ, ಎಡಗಣ್ಣಿನ ಕೆಳಗೆ ಬೆರಳಿಟ್ಟ. ಅಲ್ಲಿ ಕೂದಲು ಸುತ್ತಿಕೊಂಡು ನಾಲ್ಕಾಣೆ ಅಗಲದ ಒಂದು ಸುಳಿಯಾಗಿತ್ತು. "ಕಣ್ಣೀರ ಸುಳಿ. ಇದಿದ್ದ ಕುದುರಿ ಒಡೆಯನ ಮನ್ಯಾಗ ಅಳು ತರತದ ಅಂತಾರ. ಒಬ್ಬ ಮದುಮಗನೂ ಇದನ್ನ ಹತ್ತಲಿಲ್ಲ. ಮೂರು ವರ್ಷ ಪುಕ್ಕಟೆ ಮೇವು ಹಾಕೀನಿ."

ಕೂದಲು ಯಾವ ದಿಕ್ಕಿಗೆ ಬೆಳೆಯಬೇಕು ಎಂಬುದು ಮರಿ ತಾಯಿಯ ಹೊಟ್ಟೆಯಲ್ಲಿರುವಾಗಲೇ ತೀರ್ಮಾನವಾಗಿರುತ್ತದೆ. ಅದಕ್ಕೂ ಮನುಷ್ಯರ ಅಳುವಿಗೂ ಸಂಬಂಧವಿಲ್ಲ. ಇದು ಅವಳಿಗೆ ಗೊತ್ತಿತ್ತು. ಅಪ್ಪ ಇದನ್ನು ಒಪ್ಪುವುದಿಲ್ಲ ಎಂಬುದೂ ಗೊತ್ತಿತ್ತು. ಕುರಿ ಕೊಳ್ಳುವಾಗಲೂ ಅವನು ಮೊದಲು ಸುಳಿ ನೋಡುತ್ತಿದ್ದ.

"ಚಾಚಾ, ಗೊಂಡೆ ಇದ್ದ ಲಗಾಮು ಅದನ್ರಿ?"

ಅಲ್ಲಾಬಕ್ಷ ಅವಳ ಮುಖವನ್ನೇ ನೋಡಿದ. ಆಮೇಲೆ ಗೋಡೆಯ ಮೇಲಿದ್ದ ಕೆಂಪು ಉಣ್ಣೆಯ ಗೊಂಡೆಗಳ ಹಳೆಯ ಲಗಾಮು ತೆಗೆದು, ದುಡ್ಡು ಕೇಳದೆ ಕೊಟ್ಟ. ಎಡಗೆನ್ನೆಯ ಗೊಂಡೆ ಸರಿಯಾಗಿ ಸುಳಿಯ ಮೇಲೆ ಬಂತು.

ಅಪ್ಪ ಕುದುರೆಯ ಸುತ್ತ ಮೂರು ಸಲ ತಿರುಗಿದ. ಎದೆ, ಬೆನ್ನು, ಹಣೆ ಸವರಿ ನೋಡಿದ. ಕೆನ್ನೆಗೆ ಕೈ ಒಯ್ಯುವಷ್ಟರಲ್ಲಿ ಉಮಾದೇವಿ, "ಕಚ್ಚತದ ಅಪ್ಪ, ಹೊಸಬರಿಗೆ," ಅಂದಳು. ಅವನು ಕೈ ಹಿಂದೆಗೆದುಕೊಂಡ. ಅವಳು ಅಪ್ಪನಿಗೆ ಹೇಳಿದ ಮೊದಲ ಸುಳ್ಳು ಅದು.

ಹಿಂಡು ಹೊರಟಿತು. ಧೂಳಮ್ಮ ಎರಡು ಕಂಬಳಿಯ ಮೇಲೆ, ಮಡಿಲಲ್ಲಿ ಒಂದು ಮರಿ ಇಟ್ಟುಕೊಂಡು ಕುದುರೆಯ ಮೇಲೆ ಕೂತಿದ್ದಳು. ದಾರಿಯಲ್ಲಿ ಸಿಕ್ಕವರಿಗೆಲ್ಲ, "ನನ್ನ ಮಗಳು ಗಳಿಸಿದ್ದು," ಅನ್ನುತ್ತಿದ್ದಳು. ಮಗ ಸತೀಶಕುಮಾರ, "ಅವ್ವಾ, ರಸ್ತೆದಾಗಿನ ಕಲ್ಲಿಗೂ ಹೇಳು, ಅದೊಂದು ಬಿಟ್ಟಿ," ಎಂದು ಕಾಡಿದ. ಮೂರನೆಯ ದಿನಕ್ಕೆ ಆಕೆಯ ಮೊಣಕಾಲಿನ ಊತ ಇಳಿದಿತ್ತು.

ಹಿಂಡು ನಡೆಯುವಾಗ ಒಬ್ಬೊಬ್ಬರಿಗೆ ಒಂದೊಂದು ಮಗ್ಗಲು. ಅಪ್ಪ ಮುಂದೆ, ಸತೀಶಕುಮಾರ ಬಲಕ್ಕೆ, ಉಮಾದೇವಿ ಎಡಕ್ಕೆ. ಅವಳು ಹತ್ತನೆಯ ವಯಸ್ಸಿನಿಂದ ಎಡಮಗ್ಗಲು ಕಾಯುತ್ತಿದ್ದಳು. ಹುಮನಾಬಾದ್ ಸಮೀಪಿಸುವಾಗ ಎಡಕ್ಕೆ ಒಂದು ಜೋಳದ ಹೊಲ ಬಂತು. ಬೆಳೆ ಕೊಯ್ದು ಹದಿನೈದು ದಿನವಾಗಿ, ಬುಡದಿಂದ ಗೇಣುದ್ದದ ಕೂಳೆ ಹಸಿರಾಗಿ ಚಿಗುರಿತ್ತು. ಕೂಳೆ ಕುರಿಗೆ ವಿಷ ಎಂಬುದು ಯಾವ ಕುರಿಗಾರನಿಗೂ ಹೇಳಿಕೊಡಬೇಕಾಗಿಲ್ಲ. ಅದೇ ಹೊತ್ತಿಗೆ ಕುದುರೆ ಒಂದು ಹಳ್ಳದ ಬದುವಿನ ಮುಂದೆ ಕಾಲೂರಿ ನಿಂತುಬಿಟ್ಟಿತು. "ಉಮಾ, ಹಿಡಿಯವ್ವಾ, ಬಿದ್ದೇನು," ಎಂದು ಅವ್ವ ಕೂಗಿದಳು. ಉಮಾದೇವಿ ಓಡಿಹೋಗಿ ಲಗಾಮು ಹಿಡಿದು, ಮೆಲ್ಲಗೆ, ಒಂದೊಂದೇ ಹೆಜ್ಜೆ ಇಳಿಸಿದಳು. ಹತ್ತು ನಿಮಿಷವೂ ಆಗಿರಲಿಲ್ಲ.

ಅವಳು ತಿರುಗಿ ನೋಡಿದಾಗ ಇಪ್ಪತ್ತು ಕುರಿ ಕೂಳೆಯಲ್ಲಿದ್ದವು.

ಓಡಿಸಿದರು. ಬೆಲ್ಲದ ನೀರು ಕುಡಿಸಿದರು. ಉಮಾದೇವಿ ದನದ ಡಾಕ್ಟರಿಗೆ ಫೋನ್ ಮಾಡಿದಳು. ಅವರು ಬೇರೆ ಊರಿನಲ್ಲಿದ್ದರು, ಒಂದು ತಾಸು ಆಗುತ್ತದೆ ಅಂದರು. ಈ ವಿಷ ಒಂದು ತಾಸು ಕಾಯುವುದಿಲ್ಲ. ರಕ್ತದಲ್ಲಿ ಪ್ರಾಣವಾಯು ಇದ್ದೇ ಇರುತ್ತದೆ, ಆದರೆ ಮೈ ಅದನ್ನು ಬಳಸಿಕೊಳ್ಳಲಾರದು. ಅದಕ್ಕೇ ಸಾಯುವ ಕುರಿಯ ಒಸಡು ಬಿಳಚುವ ಬದಲು ಕೆಂಪಗೆ ಹೊಳೆಯುತ್ತದೆ. ಒಂದೊಂದರ ಬಾಯಿ ತೆರೆದು ಅವಳು ಆ ಕೆಂಪನ್ನು ನೋಡಿದಳು. ಏಳು ಕುರಿ ಒದ್ದಾಡಿ ಸತ್ತವು, ಅದರಲ್ಲಿ ಐದು ಗಬ್ಬದವು.

ಅವುಗಳ ಒದ್ದಾಟಕ್ಕೆ ಬೆದರಿ ಕುದುರೆ ಮುಂಗಾಲೆತ್ತಿ ನಿಂತಿತು. ಧೂಳಮ್ಮನನ್ನು ಆಗಲೇ ಇಳಿಸಿದ್ದರು. ಅಪ್ಪ ಲಗಾಮು ಹಿಡಿದು ಜಗ್ಗಿದ. ಹಳೆಯ ಚರ್ಮದ ಪಟ್ಟಿ ಹರಿದು, ಕೆಂಪು ಗೊಂಡೆಗಳೆಲ್ಲ ಅವನ ಕೈಗೆ ಬಂದವು.

ಅವನ ದೃಷ್ಟಿ ಕುದುರೆಯ ಎಡಗಣ್ಣಿನ ಕೆಳಗಿನ ಸುಳಿಯ ಮೇಲೆ ಬಿತ್ತು.

"ನಿನಗ ಗೊತ್ತಿತ್ತು?"

"ಗೊತ್ತಿತ್ತು ಅಪ್ಪ. ಆದ್ರ ಕುರಿ ಸತ್ತದ್ದು ಕೂಳಿ ತಿಂದು. ಸುಳಿಯಿಂದ ಅಲ್ಲ."

"ಕೂಳಿ ಅಂತ ನನಗೂ ಗೊತ್ತದ. ಮೂವತ್ತು ವರ್ಷ ಇದೇ ದಾರಿ ನಡದೀನಿ. ಪ್ರತಿ ವರ್ಷ ಎಡಕ್ಕ ಕೂಳಿ ಇರತದ. ಒಂದು ಕುರಿ ಹೋಗಿಲ್ಲ. ಈ ಸಲ ಯಾಕ ಹೋದವು?"

ಅವಳು ಬಾಯಿ ತೆರೆದಳು. ಎಡಮಗ್ಗಲಲ್ಲಿ ನಾನಿರಲಿಲ್ಲ ಅನ್ನಬೇಕು. ಯಾಕಿರಲಿಲ್ಲ ಎಂದು ಅಪ್ಪ ಕೇಳುತ್ತಾನೆ. ಕುದುರೆ ಹಿಡಿದಿದ್ದೆ ಅನ್ನಬೇಕು. ಅಲ್ಲಿಗೆ ಮುಗಿಯಿತು. ಹೇಗೆ ತಿರುಗಿಸಿ ಹೇಳಿದರೂ ಮಾತು ಕುದುರೆಯ ಬಳಿಗೇ ಬಂದು ನಿಲ್ಲುತ್ತಿತ್ತು.

"ಯಾಕ ಸುಮ್ಮಾದಿ? ಓದಿದಾಕಿ ಅದೀ, ಹೇಳು."

"ಬಿಡ್ರಿ," ಅಂದಳು ಧೂಳಮ್ಮ. ನೆಲದ ಮೇಲೆ ಕೂತು ಸತ್ತ ಕುರಿಯೊಂದರ ಕಿವಿ ಹಿಡಿದುಕೊಂಡಿದ್ದಳು. "ಆಕೀಗೇನೂ ಅನಬ್ಯಾಡ್ರಿ. ನಾ ಇನ್ನ ಅದರ ಮ್ಯಾಲ ಕುಂದ್ರಂಗಿಲ್ಲ."

"ಅವ್ವಾ, ಸುಳಿ ಅಂದ್ರ ಬರೇ ಕೂದಲವ್ವಾ..."

"ಇರಬಹುದು. ನನಗೇನ ತಿಳೀತದ? ಆದ್ರ ನಾಳೆ ಸತೀಶಗ ಏನರ ಆದ್ರ, ನಾ ಅದರ ಮ್ಯಾಲ ಕುಂತೀನಲ್ಲ ಅಂತ ಜೀವ ಇರೋತನಕಾ ಅನಸತದ. ಬ್ಯಾಡ."

ಅಪ್ಪ ಗೊಂಡೆಗಳನ್ನು ಬದುವಿನ ಮೇಲಿಟ್ಟು, ಕುಣಿ ತೋಡಲು ಸಲಿಕೆ ಕೇಳಲು ಹೋದ.

ಮರುದಿನ ಬೆಳಿಗ್ಗೆ ಹಿಂಡು ಮುಂದೆ ಸಾಗಿತು. ಉಮಾದೇವಿ ಅವ್ವನನ್ನು ಕೊನೆಯ ಸಲ ಕುದುರೆಯ ಮೇಲೆ ಕೂರಿಸಿ ಬಸ್‌ಸ್ಟ್ಯಾಂಡಿಗೆ ಒಯ್ಯಬೇಕೆಂದಿದ್ದಳು, ಅವ್ವ ಒಪ್ಪಲಿಲ್ಲ. ಒಂದು ಕೈ ಮಗಳ ಹೆಗಲ ಮೇಲೆ, ಒಂದು ಕೈ ಕೋಲಿನ ಮೇಲೆ ಇಟ್ಟು ಕುಂಟುತ್ತ ನಡೆದಳು. ಹಿಂದೆ ಕುದುರೆ ಬರಿಬೆನ್ನಿನಲ್ಲಿ ಬರುತ್ತಿತ್ತು.

"ಏ ಸೈನ್ಸ್!" ದೂರದಿಂದಲೇ ದ್ರೌಪತಿ ಕೂಗಿದಳು. "ಕುದುರಿ ಇದ್ದೂ ಅವ್ವನ್ನ ನಡಸಾಕತ್ತೀದಿ? ನಾಚಿಕಿ ಇಲ್ಲೇನ ನಿನಗ?" ಹತ್ತಿರ ಬಂದು ಇಬ್ಬರ ಮುಖ ನೋಡಿದ ಮೇಲೆ ಅವಳು ಧೂಳಮ್ಮನ ಗಂಟು ಇಸಿದುಕೊಂಡು, ದುಬಲಗುಂಡಿ ಬಸ್ಸಿನಲ್ಲಿ ಕಿಟಕಿಯ ಸೀಟು ಹಿಡಿದಳು.

ಡ್ರೈವರ್ ಗಾಡಿ ಚಾಲೂ ಮಾಡಿದ. ಧೂಳಮ್ಮ ಕಿಟಕಿಯಿಂದ ಕೈ ಹೊರಗೆ ಹಾಕಿ ಮಗಳ ಬೆರಳ ಮೇಲಿನ ಗಾಯದ ಗೆರೆಗಳನ್ನು ಸವರಿದಳು.

"ಮೂರು ದಿನ ಕುಂತೀನಲ್ಲ," ಅಂದಳು. "ಅಷ್ಟಾತು."

ಬಸ್ಸು ಹೋಯಿತು. ಉಮಾದೇವಿ ಬಸ್‌ಸ್ಟ್ಯಾಂಡಿನ ಹೊರಗೆ ಕುದುರೆಯ ಬಳಿಗೆ ಬಂದಳು. ಅಲ್ಲಾಬಕ್ಷ ಇದನ್ನು ಹಿಂದಕ್ಕೆ ತೆಗೆದುಕೊಳ್ಳುವನೋ ಇಲ್ಲವೋ, ತಿಳಿಯದು. ಕುದುರೆ ತಲೆ ತಗ್ಗಿಸಿ ಅವಳ ಹೆಗಲನ್ನು ಮೂಸಿತು. ಅವಳು ಬಾಟಲಿಯ ನೀರಿನಲ್ಲಿ ಬೆರಳು ಅದ್ದಿ, ಎಡಗಣ್ಣಿನ ಕೆಳಗಿನ ಕೂದಲನ್ನು ಒಂದೇ ಕಡೆಗೆ ಬಾಚಿದಳು. ಸುಳಿ ಕಾಣದಾಯಿತು. ಬಿಸಿಲು ಏರಿತ್ತು, ಅವಳು ನೋಡುತ್ತಿದ್ದಂತೆಯೇ ನೀರು ಆರಿ, ಕೂದಲು ಒಂದೊಂದಾಗಿ ಎದ್ದು, ಮೊದಲಿನಂತೆ ಸುತ್ತಿಕೊಂಡಿತು.